ಹಾಲಿಲ್ಲದ ಚಹಾ, ಹನ್ನೊಂದು ತತ್ತಿ

೧೯೮೩ರ ಏಪ್ರಿಲ್‌ನ ಒಂದು ಬೆಳಿಗ್ಗೆ ಗುಳೇದಗುಡ್ಡದ ಕಾಶಪ್ಪ ಮಾಸ್ತರರು ನಮ್ಮ ದವಾಖಾನೆಗೆ ಬಂದು ಬೆಂಚಿನ ಮೇಲೆ ಕುಳಿತರು. ನಾನು ಕಂಪೌಂಡರ್ ಹೊಳಬಸಪ್ಪ. ಇಪ್ಪತ್ತು ವರ್ಷ ಅತ್ತವರನ್ನು ನೋಡಿ ನೋಡಿ ನನ್ನ ಮನಸ್ಸು ಜೋಮು ಹಿಡಿದಿದೆ. ಆದರೆ ಮಾಸ್ತರರು ಅಳುತ್ತಲೂ ಇರಲಿಲ್ಲ. ಸುಮ್ಮನೆ ಗೋಡೆ ನೋಡುತ್ತಿದ್ದರು.

“ತತ್ತಿ ಕಳುವಾಗ್ಯಾವ. ಹನ್ನೊಂದೂ,” ಎಂದರು.

ಅವರು ಬಂದದ್ದು ನಿವೃತ್ತಿಯಾದರೂ ದಿನಾ ದವಾಖಾನೆಗೆ ಬರುತ್ತಿದ್ದ ನರ್ಸ್ ಸೋಮವ್ವನನ್ನು ಹುಡುಕಿಕೊಂಡು. ಊರಿನ ಅರ್ಧ ಜನರ ಹೆರಿಗೆ ಮಾಡಿಸಿದಾಕೆ. ಏನು ಕಳೆದರೂ ಜನ ಪೊಲೀಸ್ ಫೌಜದಾರರಿಗಿಂತ ಮೊದಲು ಆಕೆಗೇ ಹೇಳುತ್ತಿದ್ದರು.

ಮಾಸ್ತರರು ಒಂದು ಜೋಡಿ ಕೇರೆ ಹಾವು ಸಾಕಿದ್ದರು. ಚಳಿಗಾಲದಲ್ಲಿ ಎರಡು ತಿಂಗಳು ತಂಪಿನಲ್ಲಿಡದಿದ್ದರೆ ಅವು ಕೂಡುವುದಿಲ್ಲವೆಂದು ಯಾವುದೋ ವಿಲಾಯತಿ ಪುಸ್ತಕ ಹೇಳಿತ್ತು. ಮೂರು ವರ್ಷ ಪೆಟ್ಟಿಗೆಗೆ ಒದ್ದೆ ಗೋಣಿಚೀಲ ಸುತ್ತಿ ಕತ್ತಲೆಕೋಣೆಯಲ್ಲಿಟ್ಟರು. ಹಾವು ಸೊರಗಿದವೇ ಹೊರತು ತತ್ತಿ ಬರಲಿಲ್ಲ. ಈ ಚಳಿಗಾಲ ಅವರೇ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಮಲಗಿದ್ದರು. ಪೆಟ್ಟಿಗೆ ಅಡುಗೆಮನೆಯ ಬೆಚ್ಚನೆಯ ಗೋಡೆಗೆ ಆನಿಕೊಂಡೇ ಇತ್ತು. ಹನ್ನೊಂದು ತತ್ತಿ ಬಂದವು.

“ನಮ್ಮ ಬಿಸಲ ನಾಡಿಗೆ ತಂಪು ಬೇಕಾಗೇ ಇಲ್ಲ. ಮರಿ ಹೊರಬಂದ್ರ ಅದನ್ನ ಆ ಪುಸ್ತಕದವ್ರಿಗೆ ಬರದು ಕಳಿಸೋನಿದ್ದೆ. ನನ್ನ ಹೆಸರ್ಲೆ ಉಳಿಯೂದು ಅದೊಂದ ಇತ್ತು,” ಎಂದರು. “ನಜೀರಸಾಬನ ಕೆಲಸ. ಮಧ್ಯಾಹ್ನ ಅವನ್ನ ಫೌಜದಾರಗ ಒಪ್ಪಸ್ತೇನಿ.”

ಹಾವುಗಳಿಗೆ ಇಲಿ ತಂದು ಹಾಕುತ್ತಿದ್ದವನು ನಜೀರಸಾಬ. ಹಿಂದೆ ಹಾವಿನ ಚರ್ಮ ಮಾರುತ್ತಿದ್ದ. ಸೋಮವ್ವನೂ ನಾನೂ ಹೋದಾಗ ಮಾಸ್ತರರ ಮನೆಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ, ಪಕ್ಕದಲ್ಲಿ ಇಲಿಯ ಬೋನು.

ಪೆಟ್ಟಿಗೆಯ ಚಿಲಕ ಹಾಕಿತ್ತು. ಎರಡೂ ಹಾವು ಒಳಗೇ ಇದ್ದವು. ತತ್ತಿಯ ಜೊತೆಗೆ ಕೆಳಗೆ ಹಾಸಿದ್ದ ಅರಳೆಯೂ ಹೋಗಿತ್ತು. ಸೋಮವ್ವ ಬಚ್ಚಲಿಗೆ ಹೋದಳು. ಮೋರಿಯ ಬಾಯಿಗೆ ಹಸಿ ಮಣ್ಣು ಮೆತ್ತಿತ್ತು. ಮಾಸ್ತರರ ಹೆಂಡತಿ ಸಿದ್ದಲಿಂಗವ್ವ ಚಹಾ ತಂದಳು, ಕರೀ ಚಹಾ.

“ಹಾಲು ಬೆಕ್ಕು ಕುಡೀತ್ರಿ.”

ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿದ್ದು ನನಗೂ ಕಂಡಿತು. ಆದರೆ ನಾನು ಚಹಾ ಕುಡಿದೆ, ಸೋಮವ್ವ ಯೋಚಿಸಿದಳು. ಆಮೇಲೆ ನಮ್ಮೆಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದಳು.

“ಮಾಸ್ತರ್ರಿ, ಚರ್ಮದಾಂವ ಹಾವು ಬಿಟ್ಟು ತತ್ತಿ ಯಾಕ ಒಯ್ತಾನ? ಒಯ್ದವ್ರು ಅರಳಿ ಸಮೇತ ಒಯ್ದಾರ, ಕೂಸು ಎತ್ತಿಕೊಂಡಂಗ. ಮೋರಿ ಮುಚ್ಚ್ಯಾರ ಅಂದ್ರ, ಹೊರಗಿಂದ ಏನೋ ಬರ್ತೈತಂತ ಅಂಜಿಕಿ. ಇನ್ನ ಹಾಲು. ಪೂರಾ ಹಾಲು ಹುತ್ತಕ್ಕ ಹೋತಲ್ಲ ತಂಗಿ?”

ಸಿದ್ದಲಿಂಗವ್ವ ಸೆರಗು ಹಿಡಿದುಕೊಂಡು ಗಂಡನ ಕಡೆ ತಿರುಗಿದಳು.

“ತಂಪಿಲ್ದ ಇವು ಕೂಡೂದಿಲ್ಲಂತ ಮೂರು ವರ್ಷ ನೀವ ಹೇಳಿದ್ರಿ. ಈ ಸಲ ತಂಪು ಯಾರು ಮಾಡಿದ್ರು? ಅಂದಮ್ಯಾಲ ನಾಗಪ್ಪ ಮೋರ್‍ಯಾಗಿಂದ ಬಂದಾನ. ದೇವರ ಮಕ್ಕಳನ್ನ ಪೆಟಗ್ಯಾಗ ಇಟ್ಕೊಂಡು ನಾ ಹೆಂಗ ಬಾಳೇವು ಮಾಡ್ಲಿ? ನೀವು ಫೌಜದಾರ ಅಂದಕೂಡ್ಲೆ ಬಾಯಿ ಕಟ್ತು.”

ಕೇರೆ ನಾಗರದ ಜೊತೆ ಕೂಡುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಾನೂ ನಂಬಿದ್ದೆ.

“ಅದು ಸುಳ್ಳು ತಂಗಿ,” ಎಂದಳು ಸೋಮವ್ವ. “ಮಾಸ್ತರ್ರಿ, ತಂಪು ಬ್ಯಾಡಂತ ದವಾಖಾನಿ ಬೆಂಚಿಗೂ ಹೇಳಿದ್ರಿ. ಅಡಿಗಿಮನ್ಯಾಗ ಹೇಳ್ಲಿಲ್ಲ.”

ಹಿತ್ತಲ ಹುತ್ತದ ಬುಡ ಅಗೆದೆವು. ಹಾಲಿನ ಜಾಡು ಹಿಡಿದು ಇರುವೆ ಮುತ್ತಿದ್ದವು. ಒಂಬತ್ತು ತತ್ತಿ ಹಾಳಾಗಿದ್ದವು, ಎರಡು ಉಳಿದಿದ್ದವು.

“ನಾಳಿಂದ ಬಾ ನಜೀರ,” ಎಂದರು ಮಾಸ್ತರರು.

“ನಾ ಕಳ್ಳ ಅಲ್ಲಂತ ಗೊತ್ತಾತಲ್ರಿ, ಸಾಕು,” ಎಂದು ಅವನು ಬೋನು ಅಲ್ಲೇ ಬಿಟ್ಟು ಹೋದ.

ಜೂನ್‌ನಲ್ಲಿ ಎರಡು ಮರಿ ಹೊರಬಂದವು. ಮಾಸ್ತರರು ಗೆದ್ದಿದ್ದರು. ಆ ಸುದ್ದಿಯನ್ನು ಮೊದಲು ಹೆಂಡತಿಗೆ ಹೇಳಿದರು, ಆಮೇಲೆ ನನ್ನನ್ನು ಕರೆದುಕೊಂಡು ನಜೀರಸಾಬನ ಮನೆಗೆ ಹೋದರು. ಅವನು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ.

“ಛಲೋ ಆತ್ರಿ,” ಎಂದ. ಒಳಗೆ ಬನ್ನಿ ಎನ್ನಲಿಲ್ಲ.