ಕೆಂಪು ಚುಕ್ಕೆಯ ತಟ್ಟೆ

ತಟ್ಟೆಯ ಬೆನ್ನಿಗೆ ಕೆಂಪು ಚುಕ್ಕೆ ಇಟ್ಟಿದ್ದನ್ನು ಅವಳು ನೋಡಿದ್ದು ಪಥ್ಯ ಶುರುವಾದ ಮೂರನೆಯ ದಿನ. ಊಟ ಮುಗಿಸಿ ತಟ್ಟೆ ಒಯ್ದರೆ, ಮೆಸ್ಸಿನವನು ಅದನ್ನು ಅವಳ ಕೈಯಿಂದಲೇ ಇಸಿದುಕೊಂಡ. ಮಿಕ್ಕ ತಟ್ಟೆಗಳ ರಾಶಿಗೆ ಹಾಕಲಿಲ್ಲ. ಮೂಲೆಯಲ್ಲಿದ್ದ ಬೇರೆ ಬಕೆಟ್ಟಿನಲ್ಲಿ, ಬೇರೆ ನಾರಿನಿಂದ ತಿಕ್ಕಿ, ಒಗೆದ ಬಟ್ಟೆಯಲ್ಲಿ ಒರೆಸಿ, ಎತ್ತರದ ಹಲಗೆಯ ಮೇಲೆ ಒಂಟಿಯಾಗಿ ಕವುಚಿಟ್ಟ.

ಅವಳಿಗೆ ಇದೇನೂ ಹೊಸದಲ್ಲ. ಅಣ್ಣನ ಮನೆಯಲ್ಲಿದ್ದಾಗ ಅತ್ತಿಗೆ ಅವಳ ಲೋಟವನ್ನು ಕಿಟಕಿ ಕಟ್ಟೆಯ ಮೇಲೆ ಬೇರೆ ಇಡುತ್ತಿದ್ದಳು, ಟವೆಲನ್ನು ಬೇರೆ ಹಗ್ಗದ ಮೇಲೆ ಹರವುತ್ತಿದ್ದಳು. ಬೈದವಳಲ್ಲ. "ಮಕ್ಕಳಿರೋ ಮನೆ, ನೋಡು" ಎಂದು ಒಂದೇ ಸಲ ಹೇಳಿದ್ದಳು, ಅದೂ ಬಹಳ ಮೆತ್ತಗೆ. ಅದಾದ ವಾರದೊಳಗೆ ಅವಳು ಬಟ್ಟೆ ಕಟ್ಟಿಕೊಂಡು ದೊಡ್ಡಮ್ಮನ ಮನೆಗೆ ಬಂದಿದ್ದಳು. ಅದಕ್ಕೀಗ ಎಂಟು ವರ್ಷ.

ಇಲ್ಲೂ ಅದೇ ತಾನೇ ಅಂದುಕೊಂಡಳು. ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕಾದರೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ.

ಅವಳದು ರಫೂ ಕೆಲಸ. ಮೆಸ್ಸಿದ್ದ ಕಟ್ಟಡದಲ್ಲೇ ಮೊದಲ ಮಹಡಿಯ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಹರಿದ ಬಟ್ಟೆಗೆ ಎಳೆ ಸೇರಿಸಿ ಎಳೆ ಹೆಣೆದು, ಹರಿದದ್ದೇ ಕಾಣದ ಹಾಗೆ ಮಾಡಿಕೊಡುತ್ತಿದ್ದಳು. ಬಟ್ಟೆಯ ಗಾಯವೆಲ್ಲ ಅವಳ ಕೈಯಲ್ಲಿ ಮಾಯುತ್ತಿತ್ತು, ಆ ಕೈ ಮಾತ್ರ ಮಾಯುತ್ತಿರಲಿಲ್ಲ. ಎಕ್ಸಿಮಾ. ಬೆರಳ ಸಂದಿಯಲ್ಲಿ ಕೆಂಪು, ಗೆಣ್ಣಿನ ಮೇಲೆ ಬಿರುಕು. ಒರಟಾದ ಬೆರಳಿಗೆ ರೇಷ್ಮೆ ಎಳೆ ಸಿಕ್ಕಿಕೊಂಡು ಕಿತ್ತುಬರುತ್ತಿತ್ತು. ಹೋದ ತಿಂಗಳು ಬಿಳಿ ರೇಷ್ಮೆಯೊಂದರ ಮೇಲೆ ರಕ್ತದ ಸಣ್ಣ ಕಲೆ ಆದಾಗ ಅಂಗಡಿಯ ಯಜಮಾನರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

"ಮೂರು ತಿಂಗಳು ನೋಡೋಣಮ್ಮ. ಕೈ ಸರಿಹೋಗದಿದ್ರೆ ಕೌಂಟರಿನಲ್ಲಿ ಕೂತು ಚೀಟಿ ಬರಿ. ಸೂಜಿ ಬೇಡ" ಎಂದರು.

ಸೂಜಿ ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳಲು ಅವಳಲ್ಲಿ ಏನೂ ಇರಲಿಲ್ಲ. ಹಾಗಾಗಿ ಮತ್ತೆ ಬಾಯಿ ಕಟ್ಟಲು ಒಪ್ಪಿದಳು. ಅಷ್ಟರೊಳಗೆ ಅವಳು ಜೇನು ಸವರಿಕೊಂಡಾಗಿತ್ತು, ಲೋಳೆಸರ ಮೆತ್ತಿಕೊಂಡಾಗಿತ್ತು, ಓಟ್ಸ್ ನೆನೆಸಿದ ನೀರಿನಲ್ಲಿ ಕೈ ಅದ್ದಿಕೊಂಡು ಕೂತಾಗಿತ್ತು. ಯಾರೋ ಹೇಳಿದರೆಂದು ವಿನೆಗರ್ ಹಚ್ಚಿ ಒಂದು ದಿನವೆಲ್ಲ ಅತ್ತಿದ್ದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ಬಿಡುತ್ತಿರಲಿಲ್ಲ. ಒಬ್ಬರು ಹಾಲು ಬಿಡಿ ಅನ್ನುವರು, ಇನ್ನೊಬ್ಬರು ಹಾಲೇ ಕುಡಿಯಿರಿ ಅನ್ನುವರು. ಅವಳು ಎಲ್ಲರಿಗೂ ಹೂಂ ಎನ್ನುತ್ತಿದ್ದಳು. ಇದೆಲ್ಲದರ ನಡುವೆ ತಪ್ಪದೆ ನಡೆದದ್ದು ಒಂದೇ: ದಿನಾ ಸಂಜೆ ದೊಡ್ಡಮ್ಮ ಸುವಾಸನೆಯ ಎಲೆ, ಹೂ ಹಾಕಿ ತಾವೇ ಕಾಯಿಸಿದ ಎಣ್ಣೆಯನ್ನು ಅವಳ ಎರಡೂ ಕೈಗೆ ತಿಕ್ಕುವುದು. ಆ ಕೈಗಳನ್ನು ಹೇಸದೆ ಮುಟ್ಟುತ್ತಿದ್ದವರು ಅವರೊಬ್ಬರೇ.

ಈ ಸಲದ ಪಥ್ಯ ಚರ್ಮದ ಡಾಕ್ಟರಮ್ಮ ಬರೆದುಕೊಟ್ಟದ್ದು. "ಊಟದಿಂದಲೇ ಅಂತ ನಾನು ಹೇಳಲ್ಲ, ಎಷ್ಟೋ ಜನಕ್ಕೆ ಊಟ ಕಾರಣವೇ ಅಲ್ಲ. ಆದರೆ ಒಂದು ಸಲ ಸರಿಯಾಗಿ ನೋಡಿಬಿಡೋಣ" ಎಂದಿದ್ದರು. ನಾಲ್ಕು ವಾರ ಹಾಲು, ಮೊಟ್ಟೆ, ಗೋಧಿ, ಸೋಯಾ, ಕಡಲೆಬೀಜ, ಗೋಡಂಬಿ ಬೇಡ. ಆಮೇಲೆ ಒಂದೊಂದಾಗಿ ವಾಪಸ್ಸು. ದಿನಾ ತಿಂದದ್ದು, ತುರಿಕೆ ಹತ್ತಕ್ಕೆ ಎಷ್ಟು, ಆ ದಿನ ಬೇರೇನು ನಡೆಯಿತು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಆ ಚೀಟಿಯನ್ನು ಕೆಳಗಿನ ಮಹಡಿಯ ಮೆಸ್ಸಿನವನಿಗೆ ಕೊಟ್ಟಾಗ ಅವನು ಎರಡು ಸಲ ಓದಿ, ಮಡಿಸಿ ಜೇಬಿಗೆ ಹಾಕಿಕೊಂಡಿದ್ದ. ನಲವತ್ತರ ಆಸುಪಾಸಿನವನು. ಮದುವೆಯ ವಯಸ್ಸು ಒಲೆ ಮುಂದೆಯೇ ಆವಿಯಾಯಿತು ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಬಡಿಸಿದ ಪ್ರತಿಯೊಬ್ಬರನ್ನೂ "ಉಪ್ಪು ಸರಿ ಇದೆಯಾ?" ಎಂದು ಕೇಳುವ ಚಾಳಿಯಿಂದ ಕಟ್ಟಡದಲ್ಲೆಲ್ಲ ಅವನ ಹೆಸರು ಉಪ್ಪಣ್ಣ ಎಂದೇ ಆಗಿತ್ತು.

ಹನ್ನೊಂದು ದಿನ ಅವಳು ಕೆಂಪು ಚುಕ್ಕೆಯ ತಟ್ಟೆಯಲ್ಲಿ ಅನ್ನ, ಬೇಯಿಸಿದ ಸಿಹಿಗುಂಬಳ, ಬೀನ್ಸ್ ತಿಂದು ಮಾತಿಲ್ಲದೆ ಎದ್ದುಹೋದಳು. ಹನ್ನೆರಡನೆಯ ದಿನ ಮನೆಯಿಂದಲೇ ತಟ್ಟೆ, ಚಮಚ ತಂದಳು.

"ಇದೇನು ರಫೂ ಮೇಡಂ?"

"ಇನ್ಮೇಲೆ ನನ್ನ ತಟ್ಟೆ ನಾನೇ ತರ್ತೀನಿ. ನಿಮಗ್ಯಾಕೆ ತೊಂದರೆ." ತಲೆ ತಗ್ಗಿಸಿಯೇ ಹೇಳಿದಳು. "ಇದು ಅಂಟೋ ಕಾಯಿಲೆ ಅಲ್ಲ. ಹೇಳಿದ್ರೂ ಯಾರೂ ನಂಬಲ್ಲ, ಇರಲಿ. ಬೇರೆ ಬಕೆಟ್ಟು, ಬೇರೆ ನಾರು ಅಂತ ನೀವು ಒದ್ದಾಡೋದು ಬೇಡ."

ಅವನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ತೊಳೆಯುವ ರಾಶಿಯಿಂದ ಒಂದು ತಟ್ಟೆ ತಂದು ಅವಳ ಮುಂದೆ ಹಿಡಿದ. ಅಂಚಿನಲ್ಲಿ ಒಣಗಿದ ಗೋಧಿ ಹಿಟ್ಟು ಕಚ್ಚಿಕೊಂಡಿತ್ತು.

"ಈ ನಾರಿನಲ್ಲಿ ಹಾಲಿನ ಪಾತ್ರೆ ತಿಕ್ಕಿರ್ತೀನಿ, ಮೊಟ್ಟೆ ಬಾಣಲೆ ತಿಕ್ಕಿರ್ತೀನಿ. ನಿಮ್ಮ ಚೀಟಿಯಲ್ಲಿ ಚೂರೂ ಸೋಕಬಾರದು ಅಂತ ಬರೆದಿದೆ. ಅದಕ್ಕೆ ನಿಮ್ಮದನ್ನ ಬೇರೆ ಇಟ್ಟೆ. ಗುರುತು ಇರಲಿ ಅಂತ ಮೇಲಿನ ಬ್ಯೂಟಿ ಪಾರ್ಲರಿಗೆ ಹೋಗಿ ಉಗುರುಬಣ್ಣ ತಂದೆ. ಯಾವ ಕಲರ್ ಬೇಕು ಅಂತ ಅವರು ಕೇಳಿದಾಗ ನನ್ನ ಪಾಡು ಬೇಡ."

ಇಷ್ಟು ವರ್ಷದಲ್ಲಿ ತಟ್ಟೆ ಬೇರೆ ಇಟ್ಟವರೆಲ್ಲ ತಮ್ಮನ್ನು ಕಾಯ್ದುಕೊಳ್ಳಲು ಇಟ್ಟಿದ್ದರು. ತನ್ನನ್ನು ಕಾಯಲು ಒಬ್ಬರು ಇಟ್ಟಾರು ಎಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ.

ಅವನು ಅವಳಿಗೆಂದೇ ಬೇರೆ ಬೇಯಿಸುತ್ತಿದ್ದ ಸಣ್ಣ ಪಾತ್ರೆಯ ಸಿಹಿಗುಂಬಳದಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡ. "ದಿನಾ ನಾನೂ ಇದನ್ನೇ ತಿಂತಿದೀನಿ. ರುಚಿ ನೋಡದೆ ಬಡಿಸೋ ಅಭ್ಯಾಸ ಇಲ್ಲ ನನಗೆ. ಉಪ್ಪು ಸರಿ ಇದೆಯಾ?"

"ಸ್ವಲ್ಪ ಕಮ್ಮಿ" ಎಂದಳು. ಹನ್ನೆರಡು ದಿನದಲ್ಲಿ ಅವನಿಗೆ ಸಿಕ್ಕ ಮೊದಲ ಉತ್ತರ ಅದು.

ಅಲ್ಲಿಂದಾಚೆಗೆ ಅವಳು ಊಟಕ್ಕೆ ತಡವಾಗಿ ಬರತೊಡಗಿದಳು, ಜನ ಕಮ್ಮಿಯಾದ ಮೇಲೆ. ಬೆಳಗಿಂದ ಸೂಜಿ ಹಿಡಿದ ಬೆರಳಿಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. "ನೀವು ಹೇಳಿ, ನಾನು ಬರೀತೀನಿ" ಎಂದು ಅವನು ನೋಟ್‌ಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡ.

"ತುರಿಕೆ ಎಷ್ಟು ಇವತ್ತು?"

"ಆರು."

"ನಿನ್ನೆ ಏಳು ಅಂತ ಬರೆದಿದೆ. ನನ್ನ ಸಿಹಿಗುಂಬಳದ ಮಹಿಮೆ."

"ಮಹಿಮೆ ಇರೋದು ನಿಮ್ಮ ಬಾಯಲ್ಲಿ."

ಅವನು ಬರೆಯುವುದನ್ನು ನಿಲ್ಲಿಸಿ ಕಣ್ಣೆತ್ತಿ ನೋಡಿದ. ಅವಳು ಥಟ್ಟನೆ ನೀರಿನ ಲೋಟದ ಕಡೆ ತಿರುಗಿದಳು. ಲೋಟ ಖಾಲಿಯಿತ್ತು, ಆದರೂ ಎತ್ತಿ ಕುಡಿದಳು. ಅವನು ಅದನ್ನು ನೋಡಿಯೂ ನೋಡದವನ ಹಾಗೆ ಮತ್ತೆ ಬರೆಯತೊಡಗಿದ, ತುಟಿಯಂಚಿನ ನಗು ಮಾತ್ರ ಅಡಗಲಿಲ್ಲ.

ನಡುವೆ ದೊಡ್ಡಮ್ಮ ಐದು ದಿನ ಮಗಳ ಮನೆಗೆ ಹೋದರು. ಅವಳು ಒಬ್ಬಳೇ ಎಂದು ಗೊತ್ತಾಗಿ ಅವನು ಸಂಜೆಯ ಊಟವನ್ನೂ ಡಬ್ಬಿಗೆ ಹಾಕಿಕೊಟ್ಟ. ಆ ಐದು ದಿನ ಅವಳು ಯಾವ ಎಣ್ಣೆಯನ್ನೂ ಮುಟ್ಟಲಿಲ್ಲ. ತನಗೆ ತಾನೇ ಹಚ್ಚಿಕೊಳ್ಳುವಷ್ಟು ಆಸ್ಥೆ ಅವಳಿಗೆ ತನ್ನ ಮೇಲೆ ಇರಲಿಲ್ಲ.

ನಾಲ್ಕು ವಾರ ಕಳೆದು ಹಾಲು, ಮೊಟ್ಟೆ, ಗೋಧಿ, ಎಲ್ಲ ಒಂದೊಂದೇ ವಾಪಸ್ಸು ಬಂದವು. ಯಾವುದರಿಂದಲೂ ತುರಿಕೆ ಹೆಚ್ಚಲಿಲ್ಲ, ಕಮ್ಮಿಯೂ ಆಗಲಿಲ್ಲ. ಇದೂ ಗಾಳಿಗೆ ಹೋಯಿತು ಎಂದುಕೊಂಡು ಅವಳು, ಅವನು ಬರೆಯತೊಡಗಿದ ಮೇಲೆ ತಾನು ತೆರೆದೂ ನೋಡದ ನೋಟ್‌ಬುಕ್ಕನ್ನು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟಳು. ಅವರು ಪುಟ ತಿರುವುತ್ತ ತಿರುವುತ್ತ ನಕ್ಕರು.

"ಇದನ್ನ ಬರೆದವರು ಯಾರಮ್ಮ?"

"ಮೆಸ್ಸಿನವರು. ಯಾಕೆ?"

ಅವರು ಗಟ್ಟಿಯಾಗಿ ಓದಿದರು. "ಮಂಗಳವಾರ. ಅನ್ನ, ಬೀನ್ಸ್. ತುರಿಕೆ ಆರು. ಇವತ್ತು ಒಂದು ಸಲ ನಕ್ಕರು. ಬುಧವಾರ. ತುರಿಕೆ ಆರು. ನೀಲಿ ಬಟ್ಟೆ ಹಾಕಿದ್ದರು, ಚೆನ್ನಾಗಿತ್ತು, ಹೇಳಲಿಲ್ಲ. ಶನಿವಾರ. ದೊಡ್ಡಮ್ಮ ಊರಲ್ಲಿಲ್ಲ, ಡಬ್ಬಿ ಕೊಟ್ಟೆ. ತುರಿಕೆ ಐದು. ಸೋಮವಾರ. ದೊಡ್ಡಮ್ಮ ಬಂದಿಲ್ಲ. ತುರಿಕೆ ಎರಡು. ಶುಕ್ರವಾರ. ನಿನ್ನೆ ದೊಡ್ಡಮ್ಮ ಬಂದರು. ತುರಿಕೆ ಆರು, ಮುಖ ಬಾಡಿದೆ."

ಅವಳ ಕಿವಿ ಬಿಸಿಯಾಯಿತು. ಡಾಕ್ಟರಮ್ಮ ನಗು ನಿಲ್ಲಿಸಿ ಕೇಳಿದರು. "ದೊಡ್ಡಮ್ಮ ಇದ್ದಾಗ ಮನೆಯಲ್ಲಿ ಏನು ನಡೆಯುತ್ತೆ, ಇಲ್ಲದಾಗ ನಡೆಯಲ್ಲ?"

"ಎಣ್ಣೆ" ಎಂದಳು.

ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ನಾಲ್ಕನೆಯ ದಿನ, ಎಣ್ಣೆ ಸೋಕಿಸಿದ್ದ ಕಡೆ ಮಾತ್ರ ಕೆಂಪಗೆ ಊದಿಕೊಂಡಿತ್ತು. "ನಿಮ್ಮ ಚರ್ಮ ಮೊದಲಿಂದಲೇ ಸೂಕ್ಷ್ಮ, ಅದು ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಆದರೆ ಇಷ್ಟು ವರ್ಷ ಮಾಯೋಕೆ ಬಿಡದೆ ಇದ್ದದ್ದು ಈ ಎಣ್ಣೆಯ ಸುವಾಸನೆ. ಗಿಡದ್ದು ಅಂದ ಮಾತ್ರಕ್ಕೆ ಎಲ್ಲರ ಮೈಗೂ ಆಗಬೇಕು ಅಂತಿಲ್ಲ. ಎಣ್ಣೆ ಬಿಡಿ, ಮುಲಾಮು ಬರೆದುಕೊಡ್ತೀನಿ. ಊಟ ಎಲ್ಲಾ ಮಾಡಿ."

ಖುಷಿಪಡಬೇಕಾದ ಮಾತು. ಅವಳಿಗೆ ಎರಡು ಸಂಕಟ ಒಟ್ಟಿಗೆ ಬಂದವು. ದೊಡ್ಡಮ್ಮನಿಗೆ ಹೇಳುವುದು ಹೇಗೆ ಎಂಬುದು ಒಂದು. ಇನ್ನೊಂದನ್ನು ಅವಳು ಆ ಹೊತ್ತಿಗೆ ತನಗೂ ಹೇಳಿಕೊಳ್ಳಲಿಲ್ಲ.

ದೊಡ್ಡಮ್ಮ ಎಣ್ಣೆಯ ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡೇ ಎಲ್ಲ ಕೇಳಿಸಿಕೊಂಡರು. "ಎಂಟು ವರ್ಷ ನಾನೇ ಹಚ್ಚಿದೆನಲ್ಲ ಮಗಾ" ಎಂದರು. ಆಮೇಲೆ ಸೆರಗಿನಿಂದ ಬರೀ ಬಟ್ಟಲಿನ ಅಂಚನ್ನು ಒರೆಸುತ್ತ ಕೂತರು. ಅವಳು ಬಟ್ಟಲನ್ನು ತೆಗೆದು ಪಕ್ಕಕ್ಕಿಟ್ಟು, ತನ್ನ ಎರಡೂ ಕೈಯನ್ನು ಅವರ ಮಡಿಲಲ್ಲಿ ಹಾಕಿದಳು.

"ಡಾಕ್ಟರು ಎಣ್ಣೆ ಬೇಡ ಅಂದ್ರು ದೊಡ್ಡಮ್ಮ. ನಿಮ್ಮ ಕೈ ಬೇಡ ಅನ್ನಲಿಲ್ಲ. ಮುಲಾಮು ಹಚ್ಚೋರು ಯಾರು ಮತ್ತೆ?"

ಮೂರನೆಯ ವಾರಕ್ಕೆ ಬಿರುಕು ಕೂಡಿದವು. ಯಜಮಾನರು ಅವಳ ಮುಂದೆ ಒಂದು ರೇಷ್ಮೆ ಬಟ್ಟೆ ಇಟ್ಟು ಹೋದರು. ಸಂಜೆಯ ಹೊತ್ತಿಗೆ ಅವರಿಗೆ ಹರಿದ ಜಾಗ ಹುಡುಕಲು ಕನ್ನಡಕ ಸಾಲಲಿಲ್ಲ. ಕೌಂಟರಿನ ಮಾತು ಅಲ್ಲಿಗೆ ಮುಗಿಯಿತು.

ಆದರೆ ಡಾಕ್ಟರು ಊಟ ಎಲ್ಲಾ ಮಾಡಿ ಎಂದ ದಿನದಿಂದ ಅವಳು ಮೆಸ್ಸಿಗೆ ಇಳಿದಿರಲಿಲ್ಲ. ಮನೆಯಿಂದಲೇ ಡಬ್ಬಿ ತರುತ್ತಿದ್ದಳು. ಪಥ್ಯದವಳು ಎಂದು ಅಲ್ಲವೇ ಅವನು ಅಷ್ಟು ಮಾಡಿದ್ದು. ಪಥ್ಯ ಮುಗಿದ ಮೇಲೆ ನೂರು ಗಿರಾಕಿಯಲ್ಲಿ ನೂರಾ ಒಂದನೆಯವಳು. ನೋಟ್‌ಬುಕ್ಕಿನ ಆ ಸಾಲುಗಳು ಒಲೆ ಮುಂದೆ ಬೇಸರ ಕಳೆಯಲು ಬರೆದದ್ದೂ ಇರಬಹುದು. ಆಸೆ ಪಟ್ಟು, ಆಮೇಲೆ ಅದನ್ನು ಬಿಡಿಸಿಕೊಳ್ಳುವ ಕೆಲಸ ಅವಳಿಗೆ ಸಾಕು ಸಾಕಾಗಿತ್ತು. ಆದರೂ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದರೆ ತುತ್ತು ಇಳಿಯುತ್ತಿರಲಿಲ್ಲ. ಅವನಿಲ್ಲದೆ ತನಗೆ ಆಗುವುದಿಲ್ಲ ಎಂದು ಒಪ್ಪಿಕೊಳ್ಳಲು ಅವಳಿಗೆ ಮೂರು ವಾರ ಹಿಡಿಯಿತು.

ಇಪ್ಪತ್ತೆರಡನೆಯ ದಿನ ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು ಕೆಳಗಿಳಿದಳು. ಮೆಸ್ಸು ಖಾಲಿಯಾಗಿತ್ತು. ಒಲೆಯ ಮೂಲೆಯಲ್ಲಿ ಆ ಸಣ್ಣ ಪಾತ್ರೆ ಇತ್ತು, ಮುಚ್ಚಳ ತೆಗೆದು ನೋಡಿದಳು. ಸಿಹಿಗುಂಬಳ.

"ಇನ್ನೂ ಯಾರಿಗೆ ಇದು?"

ಅವನು ಕೈ ಒರೆಸಿಕೊಳ್ಳುತ್ತ ಬಂದ. ಮುಖ ಇಳಿದಿತ್ತು. "ಬರ್ತೀರೇನೋ ಅಂತ ದಿನಾ ಮಾಡ್ತಿದ್ದೆ. ಕೊನೆಗೆ ನಾನೇ ತಿಂದು ಮುಗಿಸ್ತಿದ್ದೆ."

"ಪಥ್ಯ ಮುಗೀತು. ಊಟದಿಂದ ಅಲ್ಲ, ದೊಡ್ಡಮ್ಮ ಹಚ್ಚೋ ಎಣ್ಣೆಯಿಂದ ಆಗಿದ್ದು. ನೀವು ಬರೆದಿದ್ದು ನೋಡಿಯೇ ಡಾಕ್ಟರಿಗೆ ಗೊತ್ತಾಯ್ತು."

"ಎಲ್ಲಾ ಓದಿದ್ರಾ ಅವರು?"

"ಗಟ್ಟಿಯಾಗಿ."

ಅವನು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ. ಆಮೇಲೆ ತಿರುಗಿ, ಎತ್ತರದ ಹಲಗೆಯಿಂದ ಕೆಂಪು ಚುಕ್ಕೆಯ ತಟ್ಟೆಯನ್ನು ಇಳಿಸಿದ. ಮೂರು ವಾರ ಯಾರೂ ಉಣ್ಣದ ತಟ್ಟೆ, ಒಂದಿಷ್ಟೂ ದೂಳಿರಲಿಲ್ಲ.

"ಹಾಗಾದ್ರೆ ಇದನ್ನ ಬೇರೆ ಇಡೋದು ಬೇಡ" ಎಂದ. ದನಿ ಸಪ್ಪೆಯಾಗಿತ್ತು. "ಎಲ್ಲಾ ತಟ್ಟೆ ಜೊತೆ ಸೇರಿಸಿಬಿಡ್ತೀನಿ."

"ಬೇಡ." ಅವಳು ಕೈ ನೀಡಿ ತಟ್ಟೆ ಇಸಿದುಕೊಂಡಳು. "ನಿಮ್ಮ ತಟ್ಟೆ ಯಾವುದು?"

ಅವನು ಅರ್ಥವಾಗದೆ ತನ್ನದನ್ನು ಕೊಟ್ಟ. ಅಂಚು ಸೊಟ್ಟಗಾಗಿದ್ದ ಹಳೆಯ ತಟ್ಟೆ.

"ಆ ಉಗುರುಬಣ್ಣ ಇನ್ನೂ ಇದೆಯಾ?"

ಉಪ್ಪಿನ ಡಬ್ಬಿಯ ಹಿಂದಿನಿಂದ ಪುಟ್ಟ ಶೀಶೆ ಬಂತು. ಅವಳು ಅವನ ತಟ್ಟೆಯನ್ನು ಕವುಚಿ ಹಾಕಿ, ಬ್ರಷ್ಷನ್ನು ಸೂಜಿ ಹಿಡಿಯುವ ಹಾಗೆ ಹಿಡಿದು, ಸರಿಯಾಗಿ ನಡುವೆ ಒಂದು ಕೆಂಪು ಚುಕ್ಕೆ ಇಟ್ಟಳು.

"ನನ್ನ ತಟ್ಟೆಯನ್ನ ಎಲ್ಲರೂ ಬೇರೆ ಇಟ್ಟರು. ನನಗೆ ಸಾಕಾಗಿದೆ" ಎಂದಳು. "ನಿಮ್ಮದರ ಜೊತೆ ಇಡಿ. ದಿನಾ. ನಾನು ಎಲ್ಲೇ ಊಟ ಮಾಡಿದ್ರೂ ನಿಮ್ಮ ಜೊತೆಗೇ ಮಾಡಬೇಕು ಅಂತ ಆಸೆ."

ಅವನು ಬಣ್ಣ ಆರಲಿ ಎಂಬಂತೆ ತಟ್ಟೆಯ ಮೇಲೆ ಮೆಲ್ಲಗೆ ಊದಿದ. ಆಮೇಲೆ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಹೊಸದಾಗಿ ಕೂಡಿದ ಗೆಣ್ಣುಗಳನ್ನು ಒಂದೊಂದಾಗಿ ನೋಡಿದ.

"ನೋಯುತ್ತಾ?"

"ಇಲ್ಲ."

"ನಾನು ಬಿಡಲ್ಲ ಅಂದ್ರೆ?"

"ಬಿಡಿ ಅಂತ ಯಾರು ಹೇಳಿದ್ರು" ಎಂದಳು. ಬೆಂಚಿನ ಮೇಲೆ ಕೂತಳು. ಅವನೂ ಪಕ್ಕದಲ್ಲೇ ಕೂತ. ಚುಕ್ಕೆ ಒಣಗುವವರೆಗೆ ಅವನು ಕೈ ಬಿಡಲಿಲ್ಲ. ಆಮೇಲೆ ಎದ್ದು ಎರಡೂ ತಟ್ಟೆಗೆ ಒಂದೇ ಪಾತ್ರೆಯಿಂದ ಸಿಹಿಗುಂಬಳ ಬಡಿಸಿದ.