ಉಲ್ಕಾನ್ ಎಜೆಯ ಶುಕ್ರವಾರ

ಬಿಷ್ಕೆಕ್‌ನ ಔಷಧಿ ಅಂಗಡಿಗಳ ಬೇಡಿಕೆಯನ್ನು ಗೋದಾಮಿಗೆ ಮುಟ್ಟಿಸುವುದು ನಮ್ಮ ಅಪ್ಲಿಕೇಶನ್ ಸರ್ವರ್. ಆ ಶುಕ್ರವಾರ ಮಧ್ಯಾಹ್ನ ಅದು ನಿಂತಿತು. ಇನ್ಸುಲಿನ್ ಗಾಡಿಗಳೂ ನಿಂತವು. ಅದನ್ನು ಮಗುವಿನಂತೆ ನೋಡಿಕೊಂಡಿದ್ದ ಉಲ್ಕಾನ್ ಎಜೆ, ನಮ್ಮೆಲ್ಲರ ಅಕ್ಕ, ತೀರಿಕೊಂಡು ತಿಂಗಳಾಗಿತ್ತು.

"ಶುಕ್ರವಾರ ಅಲ್ವಾ, ಎಜೆ ಹೆಸರಲ್ಲಿ ಹಿಟ್ಟಿನ ಬೋರ್ಸೊಕ್ ಕರಿದ್ಯೇನೇ ಇವತ್ತು?" ಎಂದರು ಕಚೇರಿಯ ಹಿರಿಯ ಕುಬಾತ್ ಬೈಕೆ; ಬೈಕೆ ಎಂದರೆ ಅಣ್ಣ.

"ಮರೆತೆ, ಬೈಕೆ."

"ಕರಿದ ಎಣ್ಣೆ ವಾಸ್ನೆ ಮುಟ್ದಿದ್ರೆ ಸತ್ತೋರು ಉಪವಾಸ ಇರ್ತಾರೆ. ಬದುಕಿದ್ದಾಗ್ಲೇ ಹಸಿದ್ರೆ ಅವಳು ಯಾರ ಮಾತೂ ಕೇಳ್ತಿರ್ಲಿಲ್ಲ."

ಸರ್ವರ್ ಕೋಣೆಗೆ ಒಬ್ಬಳೇ ಹೋದೆ. ಕೊರೆಯುವ ಚಳಿಯಲ್ಲಿ ಕಾದ ಎಣ್ಣೆಯ ವಾಸನೆಯಿತ್ತು.

"ತಪ್ಪಾಯ್ತು ಎಜೆ, ಸಂಜೆ ಕರೀತೀನಿ."

ಫ್ಯಾನುಗಳು ಗುಂಯ್ಗುಟ್ಟಿದವು. ತಡೆದು ನಿಂತಿದ್ದ ಬೇಡಿಕೆಗಳೆಲ್ಲ ಗೋದಾಮಿಗೆ ಹೊರಟವು. ನೆಮ್ಮದಿಯಿಂದ ನೆಲದ ಮೇಲೇ ಕುಳಿತುಬಿಟ್ಟೆ.

ನಾನು ಮುಟ್ಟಿರದ ಸರ್ವರ್‌ನ ಚಾಲೂ ಗುಂಡಿಯ ಮೇಲೆ ಎಣ್ಣೆಯ ಬೆರಳಚ್ಚೊಂದಿತ್ತು. ಒರೆಸಿದಾಗ ಇನ್ನೂ ಬೆಚ್ಚಗಿತ್ತು.