ಬಂದವರಿಗೆಲ್ಲ ಒಂದು ಕಡ್ಡಿ

“ಕಾರ್ಯದರ್ಶಿಗಳೇ, ನನ್ನ ಬಾಲ್ಕನಿ ಬೋಳಾಯ್ತು!”

ಸಸ್ಯಪ್ರೇಮಿಗಳ ಸಂಘದ ಆಫೀಸಿನ ಬಾಗಿಲಲ್ಲಿ ಡ್ರಾಯಿಂಗ್ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ಸಂಘದ ಹೊಸ ಪುಸ್ತಿಕೆ. ಕಾರ್ಯದರ್ಶಿಯಾದ ಅವಳು ತಲೆ ಎತ್ತಿದಳು. ಇಷ್ಟು ವರ್ಷಗಳಾದರೂ ಎದೆ ಅವಳ ಮಾತು ಕೇಳಲಿಲ್ಲ.

“ಕೂತ್ಕೊಳ್ಳಿ ಮೇಷ್ಟ್ರೇ. ನಮ್ಮಲ್ಲಿ ಕುರ್ಚಿಗೇನೂ ಬರ ಇಲ್ಲ.”

ಅದು ನಿಜವೇ. ಸಭೆಗೆ ಬರುವವರಿಗಿಂತ ಕುರ್ಚಿಗಳೇ ಹೆಚ್ಚಾದಾಗ, ಹೊಸ ಸದಸ್ಯರನ್ನು ಸೆಳೆಯಲೆಂದು ಸಂಘದ ಹಳೆಯ ಪತ್ರಿಕೆಯಿಂದ ಒಳ್ಳೊಳ್ಳೆಯ ಲೇಖನಗಳನ್ನು ಆರಿಸಿ ಅವಳು ಮತ್ತೆ ಅಚ್ಚು ಹಾಕಿಸಿದ್ದಳು. ಮೇಣದಂಥ ಹೂ ಬಿಡುವ ಬಳ್ಳಿಯ ಬಗ್ಗೆ ಮೇಷ್ಟ್ರು ಬರೆದದ್ದೂ ಅದರಲ್ಲಿತ್ತು. ಅದರ ಕೊನೆಯ ಸಾಲು: ‘ಮನೆಗೆ ಬಂದವರಿಗೆಲ್ಲ ನೆಡಲು ನನ್ನ ಬಳ್ಳಿಯ ಒಂದು ಕಡ್ಡಿ ಕೊಡುತ್ತೇನೆ.’ ಕೆಳಗೆ ವಿಳಾಸ.

“ಒಬ್ಬಮ್ಮ ಬಕೆಟ್ ಹಿಡ್ಕೊಂಡೇ ಬಂದ್ರು. ಬೆಲ್ ಹೊಡೆಯೋಕೆ ಮೊದ್ಲೇ ಕತ್ತರಿ ಹೊರಗೆ!”

ಅವಳಿಗೆ ನಗು ತಡೆಯಲಾಗಲಿಲ್ಲ.

“ನಗಬೇಡ ನೀನು,” ಎಂದವರು, ಬಾಯಿ ಜಾರಿದ್ದು ಗೊತ್ತಾಗಿ ಕಿಟಕಿಯತ್ತ ನೋಡಿದರು. ಅವರ ಕಿವಿ ಕೆಂಪಾಗುವುದನ್ನು ಅವಳು ನೋಡಿದಳು.

“ಹಳೇದನ್ನ ಹಾಗೇ ಹಾಕಿಬಿಟ್ರಾ? ಒಂದ್ಸಲ ಓದಬಾರದಾ?”

“ಓದಿದೆ. ಮಿಕ್ಕವರ ವಿಳಾಸ ಎಲ್ಲ ತೆಗೆದೆ. ನಿಮ್ಮದನ್ನ ಬೇಕಂತಲೇ ಬಿಟ್ಟೆ. ಜಗಳ ಆಡೋಕಾದ್ರೂ ಬರ್ತೀರಿ ಅಂತ.”

ಮೇಷ್ಟ್ರ ಮುಖದಿಂದ ತಮಾಷೆ ಇಳಿದುಹೋಯಿತು.

“ಅವತ್ತು ಪತ್ರಿಕೆಗೆ ಇದರ ಪ್ರೂಫ್ ನೋಡಿದ್ದು ನೀನೇ. ಬಂದವರಿಗೆಲ್ಲ ಅಂದ್ರೆ, ಆ ನೆಪದಲ್ಲಿ ನೀನೂ ಬರ್ತೀಯ ಅಂತ ಬರೆದಿದ್ದೆ. ನೀನು ಒಂದು ಕಾಮಾ ತಿದ್ದಿ ಕಳಿಸಿದೆ.”

“ಎಲ್ಲರ ಜೊತೆ ಕ್ಯೂನಲ್ಲಿ ನಿಲ್ಲೋಕೆ ಮನಸ್ಸಾಗ್ಲಿಲ್ಲ. ನನ್ನೊಬ್ಬಳನ್ನೇ ಕರೀಬಹುದಿತ್ತು.”

“ಅಷ್ಟು ಧೈರ್ಯ ಇದ್ದಿದ್ರೆ ಲೇಖನ ಯಾಕೆ ಬರೀತಿದ್ದೆ?”

ಹೊಟ್ಟೆ ತುಂಬ ಆಸೆ, ಮುಖದ ತುಂಬ ಬಿಗುಮಾನ. ಹೀಗೆ ಇಬ್ಬರೂ ಬುದ್ಧಿವಂತರಾಗಿ ಕೆಟ್ಟಿದ್ದರು.

“ಹೋಗ್ಲಿ, ಈಗ ಬಂದ್ರಲ್ಲ,” ಎಂದಳು ಮೆಲ್ಲಗೆ.

ಅವರು ಪುಸ್ತಿಕೆಯನ್ನು ಮಡಚಿದರು, ಬಿಚ್ಚಿದರು. “ಇದನ್ನ ನೋಡಿದಾಗ, ಇವಳಿಗೆ ಇದು ಬರೀ ಗಿಡದ ಮಾತು, ಎಷ್ಟು ಸಲೀಸಾಗಿ ಅಚ್ಚು ಹಾಕಿಸಿಬಿಟ್ಲು ಅಂದ್ಕೊಂಡೆ. ಅಕ್ಕ ಒಂದು ಸಂಬಂಧ ತಂದಿದ್ಲು. ಅವತ್ತೇ ಹೂಂ ಅಂದ್ಬಿಟ್ಟೆ.”

ಕರೆಯಲೆಂದು ಬಿಟ್ಟ ಸಾಲೇ ಅವರನ್ನು ಕಳಿಸಿಕೊಟ್ಟಿತ್ತು.

“ಹೇಗಿದ್ದಾರೆ ಅವರು?”

“ನರ್ಸು. ಒಳ್ಳೆಯವಳು. ನಾನು ಒಪ್ಪಿದೆ ಅಂದಾಗ ಅತ್ತುಬಿಟ್ಲಂತೆ. ಅವಳನ್ನೂ ಇಷ್ಟು ದಿನ ಯಾರೂ ಕೇಳಿರಲಿಲ್ಲ.”

‘ಬೇಡ ಅಂದುಬಿಡಿ’ ಎನ್ನುವ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಕಾಣದ ಆ ಹೆಂಗಸಿನ ಕಣ್ಣೀರಿನ ಮೇಲೆ ಕಾಲಿಟ್ಟು ದಾಟುವುದು ಅವಳಿಂದಾಗಲಿಲ್ಲ. ನುಂಗಿಕೊಂಡಳು.

“ನಂಗೂ ನಿಮ್ಮ ಮೇಲೆ ಆಸೆ ಇತ್ತು. ಹೇಳಿಬಿಟ್ಟೆ, ಅಷ್ಟೇ. ಇನ್ನು ಹೊರಡಿ.”

ಅವರು ಎದ್ದರು. ಬಾಗಿಲ ಹತ್ತಿರ ಒಮ್ಮೆ ತಿರುಗಿ, “ಮುಂದಿನ ಮುದ್ರಣದಲ್ಲಿ ಆ ಸಾಲು ತೆಗೆಸಿಬಿಡಿ,” ಎಂದರು. ಅವಳು ಮತ್ತೆ ‘ನೀವು’ ಆಗಿದ್ದಳು.

ಅವರು ಮೆಟ್ಟಿಲಿಳಿದ ಮೇಲೆ ಪ್ರೆಸ್ಸಿಗೆ ಫೋನ್ ಮಾಡಿ ಆ ಸಾಲನ್ನೂ ವಿಳಾಸವನ್ನೂ ತೆಗೆಸಿದಳು. ಈಗ ಆ ಲೇಖನ ಅದರ ಹಿಂದಿನ ಸಾಲಿಗೇ ಮುಗಿಯುತ್ತದೆ: ‘ಹೂ ಉದುರಿದ ತೊಟ್ಟನ್ನು ಕತ್ತರಿಸಬೇಡಿ, ಮುಂದಿನ ವರ್ಷ ಅಲ್ಲೇ ಮತ್ತೆ ಹೂ ಬಿಡುತ್ತದೆ.’

ಗಿಡದ ಮಟ್ಟಿಗೆ ಅದು ನಿಜ.